ಮಾನ ಹರಾಜು: ಸಂಗಾತಿಯ ಮೋಸವನ್ನು ಕ್ಯಾಮೆರಾ ಮುಂದೆ ಬಯಲು ಮಾಡುವುದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಾಲದಲ್ಲಿ ನಾನು ಟಿವಿಯಲ್ಲಿ ವಿಡಿಯೋ ಎಡಿಟರ್ ಆಗಿದ್ದೆ. ಗಂಡ ಹೆಂಡತಿ ಜಗಳವನ್ನು ಸ್ಟುಡಿಯೋಗೆ ತರುವ ಒಂದು ಕಾರ್ಯಕ್ರಮಕ್ಕೆ ಮೂರು ವರ್ಷ ಕತ್ತರಿ ಆಡಿಸಿದ್ದೇನೆ. ಚಾನೆಲ್ ಹೆಸರು ಬೇಡ. ಈಗ ಎಡಿಟಿಂಗ್ ಪಾಠ ಹೇಳಿಕೊಡುತ್ತೇನೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ, ಕ್ಲಾಸಿನಲ್ಲಿ ನಿಂತರೂ ಈ ವಿಷಯದ ಪ್ರಶ್ನೆಗಳು ತಪ್ಪುವುದಿಲ್ಲ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವಕೀಲನಲ್ಲ. ಕಾನೂನಿನ ಮಾತು ಬಂದ ಕಡೆ ಎಲ್ಲರಿಗೂ ಗೊತ್ತಿರಬೇಕಾದಷ್ಟನ್ನು ಮಾತ್ರ ಹೇಳಿದ್ದೇನೆ. ನಿಮ್ಮ ಕೇಸಿಗೆ ನಿಮ್ಮ ವಕೀಲರನ್ನೇ ಕೇಳಿ.

## ಎಲ್ಲರೂ ಮೊದಲು ಕೇಳುವವು

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ. ಯಾವಾಗ ಶುರುವಾಯ್ತು ಈ ಹುಚ್ಚು?

ಇತ್ತು ಅಜ್ಜಿ. ತಲೆ ಬೋಳಿಸಿ ಕತ್ತೆ ಮೇಲೆ ಮೆರವಣಿಗೆ ಮಾಡಿದ ಕಥೆಗಳನ್ನು ನೀವೇ ಹೇಳಿದ್ದೀರಿ. ಊರವರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಅದೂ ಶಿಕ್ಷೆಯ ಹೆಸರಿನ ಮನರಂಜನೆಯೇ. ಆದರೆ ಆ ಮೆರವಣಿಗೆ ಊರ ಗಡಿಯಲ್ಲಿ ನಿಲ್ಲುತ್ತಿತ್ತು. ನೋಡಿದವರು ಸತ್ತ ಮೇಲೆ ನೆನಪೂ ಸಾಯುತ್ತಿತ್ತು.

ಟಿವಿಯಲ್ಲಿ ಇದಕ್ಕೆ ದೊಡ್ಡ ಮಾರುಕಟ್ಟೆ ಮಾಡಿಕೊಟ್ಟದ್ದು ಅಮೆರಿಕ. ಜೆರ್ರಿ ಸ್ಪ್ರಿಂಗರ್ ಶೋ 1991ರಿಂದ 2018ರವರೆಗೆ ನಡೆಯಿತು. ಗಂಡ, ಹೆಂಡತಿ, ಮೂರನೆಯವರು, ಹಾರುವ ಕುರ್ಚಿಗಳು, ಕೂಗುವ ಜನ. ಆ ಸ್ಪ್ರಿಂಗರ್ ಅದಕ್ಕೆ ಮುಂಚೆ ಸಿನ್ಸಿನಾಟಿ ನಗರದ ಮೇಯರ್ ಆಗಿದ್ದವರು ಅಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. 2000ದಲ್ಲಿ ಡಲ್ಲಾಸ್‌ನಿಂದ ‘ಚೀಟರ್ಸ್’ ಬಂತು. ಅನುಮಾನ ಬಂದವರು ದೂರು ಕೊಡುತ್ತಾರೆ, ಪತ್ತೇದಾರರು ಹಿಂಬಾಲಿಸಿ ಚಿತ್ರ ತೆಗೆಯುತ್ತಾರೆ, ಕೊನೆಗೆ ಕ್ಯಾಮೆರಾ ಪಡೆ ಜೊತೆ ಹೋಗಿ ಹಿಡಿಯುವುದು. ಇಂಗ್ಲೆಂಡಿನಲ್ಲಿ 2005ರಿಂದ ಜೆರೆಮಿ ಕೈಲ್ ಶೋ. ನಮ್ಮ ದೇಶದಲ್ಲಿ 2009ರಲ್ಲಿ ಯುಟಿವಿ ಬಿಂದಾಸ್‌ನಲ್ಲಿ ‘ಇಮೋಷನಲ್ ಅತ್ಯಾಚಾರ್’.

ನನಗೆ ತಿಳಿದಂತೆ ಕನ್ನಡದಲ್ಲಿ ಇದೇ ಥರದ್ದು ಇರಲಿಲ್ಲ. ಮಾಳವಿಕಾ ಅವಿನಾಶ್ ನಡೆಸಿಕೊಡುತ್ತಿದ್ದ ಜೀ ಕನ್ನಡದ ‘ಬದುಕು ಜಟಕಾ ಬಂಡಿ’ಯನ್ನು ಎಲ್ಲರೂ ನೆನಪಿಸಿಕೊಳ್ಳುತ್ತಾರೆ. ಆದರೆ ಅದು ಹಿಂಬಾಲಿಸಿ ಹಿಡಿಯುವ ಕಾರ್ಯಕ್ರಮ ಅಲ್ಲ, ಪಂಚಾಯ್ತಿ ಕಟ್ಟೆಯನ್ನು ಸ್ಟುಡಿಯೋಗೆ ತಂದದ್ದು. ನಾನು ಕೆಲಸ ಮಾಡಿದ್ದು ಅದರಲ್ಲಲ್ಲ. ಈಗ ಟಿವಿ ಹಿಂದೆ ಸರಿದಿದೆ. ಫೋನು, ರೀಲ್ಸು ಅದರ ಜಾಗಕ್ಕೆ ಬಂದಿವೆ.

ಅದೆಲ್ಲ ನಿಜಾನಾ ಸಾರ್, ನಾಟಕಾನಾ?

ಎರಡೂ. ‘ಚೀಟರ್ಸ್’ನ ನಿರೂಪಕನಿಗೆ ಒಂದು ಕಂತಿನಲ್ಲಿ ದೋಣಿಯ ಮೇಲೆ ಚಾಕು ಇರಿತ ಆದದ್ದು ತುಂಬಾ ಸುದ್ದಿಯಾಯಿತು. ಆಮೇಲೆ ಇನ್ನೊಂದು ಟಿವಿ ಕಾರ್ಯಕ್ರಮದವರು ಅದು ದುಡ್ಡು ಕೊಟ್ಟು ಆಡಿಸಿದ ಆಟ ಎಂದು ಆರೋಪಿಸಿದರು.

ನನ್ನನ್ನು ಕೇಳಿದರೆ ಪೂರ್ತಿ ನಾಟಕವಾಗಿದ್ದರೆ ಅಷ್ಟು ಚಿಂತೆ ಇಲ್ಲ. ನಟರು ಸಂಬಳ ತಗೊಂಡು ಮನೆಗೆ ಹೋಗುತ್ತಾರೆ. ನಿಜವಾದ ಮನುಷ್ಯರನ್ನು ನಾಟಕದ ಥರ ಜೋಡಿಸುವುದೇ ಕಷ್ಟದ ಜಾಗ. ಅದನ್ನು ನಾನೇ ಮಾಡಿದ್ದೇನೆ. ಒಬ್ಬ ಹೆಂಗಸು ಮಗಳ ಶಾಲೆ ಫೀಸಿನ ಮಾತು ಬಂದಾಗ ಅತ್ತಳು. ಗಂಡ ಇನ್ನೊಬ್ಬಳ ಜೊತೆ ಇದ್ದ ಫೋಟೋ ತೋರಿಸಿದಾಗ ಸುಮ್ನೆ ಕೂತಿದ್ದಳು, ಕಣ್ಣು ಕೂಡ ಮಿಟುಕಿಸಲಿಲ್ಲ. ಪ್ರೊಡ್ಯೂಸರ್ ಬಂದು ನನ್ನ ಹಿಂದೆ ನಿಂತು ‘ಆ ಅಳು ಇಲ್ಲಿಗೆ ಹಾಕು’ ಎಂದರು. ಹಾಕಿದೆ. 12 ಸೆಕೆಂಡು. ಜೊತೆಗೆ ಕೊಳಲಿನ ಸಂಗೀತ. ಬ್ರೇಕಿಗೆ ಮುಂಚೆ ಒಂದು ಸಲ, ಬ್ರೇಕ್ ಆದ ಮೇಲೆ ಇನ್ನೊಂದು ಸಲ. ಅವಳು ಅತ್ತದ್ದು ನಿಜ, ಫೋಟೋ ನಿಜ, ಎರಡನ್ನೂ ಜೋಡಿಸಿದ್ದು ಸುಳ್ಳು.

ಮೋಸ ಮಾಡಿದವರಿಗೆ ಎಂಥ ಮಾನ? ಮಾಡುವಾಗ ನಾಚಿಕೆ ಇರಲಿಲ್ವಾ?

ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಕೇಳುವವರಲ್ಲಿ ಅರ್ಧ ಜನ ಮೋಸ ಹೋದವರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಮೋಸ ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಮೋಸ ಹೋದವರಿಗೆ ನಿಜ ತಿಳಿಯುವ ಹಕ್ಕಿದೆ. ತವರಿಗೆ, ಸ್ನೇಹಿತೆಗೆ, ವಕೀಲರಿಗೆ ಹೇಳಿಕೊಳ್ಳುವ ಹಕ್ಕೂ ಇದೆ. ‘ಮನೆ ಮಾತು ಹೊರಗೆ ಹೋಗಬಾರದು’ ಎಂದು ಬಾಯಿ ಮುಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಆ ಮಾತಿನ ಮರೆಯಲ್ಲಿ ಎಷ್ಟೋ ಹೊಡೆತಗಳು ಮುಚ್ಚಿಹೋಗಿವೆ.

ಆದರೆ ಅವಳಿಗಿರುವ ಹಕ್ಕು ನನಗೆ ಹೇಗೆ ಬಂತು? ನಾನು ಅವಳ ಅಣ್ಣನಲ್ಲ, ನೆರೆಯವನಲ್ಲ. ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂತವನು. ಅವನು ಮೋಸ ಮಾಡಿದ್ದು ಹೆಂಡತಿಗೆ, ನನಗಲ್ಲ. ಅವನಿಂದ ನನಗೆ ಬರಬೇಕಾದ ಬಾಕಿ ಏನೂ ಇಲ್ಲ. ‘ಮಾನ ಹರಾಜು’ ಎಂಬ ಮಾತನ್ನು ಒಮ್ಮೆ ಬಿಡಿಸಿ ನೋಡಿ. ಹರಾಜಿನಲ್ಲಿ ವಸ್ತು ಒಬ್ಬರದ್ದು, ಕೂಗುವವರು ಇನ್ನೊಬ್ಬರು, ದುಡ್ಡು ಮೂರನೆಯವರಿಗೆ. ಈ ಕಾರ್ಯಕ್ರಮಗಳಲ್ಲಿ ಜಾಹೀರಾತಿನ ದುಡ್ಡು ಆ ಹೆಂಗಸಿನ ಕೈಗೆ ಹೋಗಿದ್ದನ್ನು ನಾನಂತೂ ನೋಡಲಿಲ್ಲ.

ಇನ್ನೊಂದು ವಿಷಯ. ಶಿಕ್ಷೆಗೆ ಒಂದು ಅಳತೆ ಬೇಕು. ಕಳ್ಳನಿಗೂ ಇಷ್ಟು ವರ್ಷ ಎಂದು ಬರೆದು ಕಳಿಸುತ್ತಾರೆ. ವಿಡಿಯೋಗೆ ಬಿಡುಗಡೆಯ ದಿನವೇ ಇಲ್ಲ.

ಮುಖ ಬ್ಲರ್ ಮಾಡಿದ್ರೆ ಆಯ್ತಲ್ಲ?

ಬ್ಲರ್ ಗುರುತಿಲ್ಲದವರಿಂದ ಮುಚ್ಚುತ್ತದೆ. ಗುರುತಿರುವವರಿಂದ ಅಲ್ಲ. ಆದರೆ ಮಾನ ಹೋಗುವುದು ಗುರುತಿರುವವರ ಮುಂದೆಯೇ ಅಲ್ವಾ? ನಾವು ಮುಖ ಮುಚ್ಚಿ, ದನಿ ಬದಲಾಯಿಸಿ ಕಳಿಸಿದ ಒಂದು ಕಂತು ಪ್ರಸಾರವಾದ ಮರುದಿನ ಆಫೀಸಿಗೆ ಫೋನ್ ಬಂತು. ‘ಸಾರ್, ಆ ಹಸಿರು ಸೀರೆ ನಮ್ಮ ಓಣಿಗೆಲ್ಲ ಗೊತ್ತು. ಹೋದ ವರ್ಷ ಗೃಹಪ್ರವೇಶಕ್ಕೆ ಉಟ್ಟಿದ್ದೆ.’ ಸ್ಕೂಟರ್, ಬಾಗಿಲಿನ ತೋರಣ, ಕೈಯ ಹಚ್ಚೆ, ಮಾತಿನ ಧಾಟಿ. ಮಂಡ್ಯದ ಕನ್ನಡ, ಧಾರವಾಡದ ಕನ್ನಡ ಎಂದು ಗೊತ್ತಾದರೆ ಅರ್ಧ ಹುಡುಕಾಟ ಮುಗಿದಂತೆ.

ಸಹಿ ಹಾಕಿಯೇ ಬಂದಿರ್ತಾರೆ. ಮತ್ತೇನು ತಕರಾರು?

ಎಲ್ಲರೂ ಹಾಕಿರುವುದಿಲ್ಲ. ದೂರು ಕೊಟ್ಟವರು ಹಾಕಿರುತ್ತಾರೆ. ಸಿಕ್ಕಿಬಿದ್ದವರಿಗೆ ಕ್ಯಾಮೆರಾ ಕಂಡದ್ದೇ ಆಗ. ಮೂರನೆಯವರಿಗೆ ಆ ಮನುಷ್ಯನಿಗೆ ಮದುವೆಯಾಗಿದೆ ಎಂಬುದೇ ಕೆಲವು ಸಲ ಗೊತ್ತಿರುವುದಿಲ್ಲ. ಮಕ್ಕಳನ್ನು ಯಾರೂ ಕೇಳುವುದೇ ಇಲ್ಲ.

ಸಹಿ ಹಾಕಿದವರದ್ದೂ ಹೇಳುತ್ತೇನೆ. ಹಳ್ಳಿಯಿಂದ ಬೆಳಿಗ್ಗೆ ಐದಕ್ಕೆ ಬಸ್ಸು ಹತ್ತಿ ಬಂದಿರುತ್ತಾರೆ. ಮೇಕಪ್ ರೂಮಿನಲ್ಲಿ ಕಾದು ಕಾದು ಸಾಕಾಗಿರುತ್ತದೆ. ರಾತ್ರಿ ಶೂಟಿಂಗ್ ಮುಗಿದ ಮೇಲೆ ನಾಲ್ಕು ಪುಟದ ಇಂಗ್ಲಿಷ್ ಕಾಗದ ಮುಂದೆ ಬರುತ್ತದೆ. ವಾಪಸ್ ಹೋಗಲು ಗಾಡಿ ಮಾಡಿಸಿಕೊಡುವವರೂ ಆ ಕಾಗದ ಹಿಡಿದವರೇ. ಅದನ್ನು ಒಪ್ಪಿಗೆ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

## ಸ್ವಲ್ಪ ಒಳಗೆ ಹೋದರೆ

ಸುಳ್ಳು ಪತ್ತೆ ಯಂತ್ರ ಇಟ್ಟು ಕೇಳ್ತಾರಲ್ಲ, ಅದು ಸುಳ್ಳು ಹೇಳಲ್ವಲ್ಲ?

ಆ ಯಂತ್ರ ಸುಳ್ಳನ್ನು ಹಿಡಿಯುವುದೇ ಇಲ್ಲ. ಎದೆ ಬಡಿತ, ಉಸಿರು, ರಕ್ತದ ಒತ್ತಡ, ಬೆವರು ಇವನ್ನು ಅಳೆಯುತ್ತದೆ. ಹೆದರಿದವರಿಗೆ ಇವೆಲ್ಲ ಏರುತ್ತವೆ. ಸ್ಟುಡಿಯೋ ದೀಪಗಳ ಕೆಳಗೆ ‘ನೀನು ಹೆಂಡತಿಗೆ ಮೋಸ ಮಾಡಿದ್ದೀಯಾ’ ಎಂದು ಕೇಳಿದರೆ ನಿರಪರಾಧಿಗೂ ಏರುತ್ತವೆ.

ನಮ್ಮಲ್ಲಿ ಇದರ ಬಗ್ಗೆ ದೊಡ್ಡ ತೀರ್ಪು ಬಂದದ್ದು ಕರ್ನಾಟಕದ ಕೇಸಿನಲ್ಲೇ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕೊಲೆ ಕೇಸಿನಲ್ಲೇ ಪೊಲೀಸರಿಗೆ ಇಷ್ಟು ಕಟ್ಟು ಇದೆ.

ಇಂಗ್ಲೆಂಡಿನಲ್ಲಿ ಈ ಯಂತ್ರದ ಕಥೆ ಕೆಟ್ಟದಾಗಿ ಮುಗಿಯಿತು. 2019ರ ಮೇ ತಿಂಗಳಲ್ಲಿ ಜೆರೆಮಿ ಕೈಲ್ ಶೋಗೆ ಒಬ್ಬ ವ್ಯಕ್ತಿ, ತಾನು ಮದುವೆಯಾಗಬೇಕಿದ್ದವಳಿಗೆ ಮೋಸ ಮಾಡಿಲ್ಲ ಎಂದು ತೋರಿಸಲು ಬಂದಿದ್ದ. ಸುಳ್ಳು ಹೇಳುತ್ತಿದ್ದಾನೆ ಎಂದು ಫಲಿತಾಂಶ ಬಂತು. ಕೆಲವೇ ದಿನಗಳಲ್ಲಿ ಅವನು ಶವವಾಗಿ ಸಿಕ್ಕ. ಆ ಕಂತು ಪ್ರಸಾರವಾಗಲಿಲ್ಲ. 14 ವರ್ಷ ನಡೆದ ಕಾರ್ಯಕ್ರಮವನ್ನೇ ಐಟಿವಿ ಚಾನೆಲ್ ನಿಲ್ಲಿಸಿತು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 2024ರಲ್ಲಿ ವಿಚಾರಣೆ ಮುಗಿಸಿದ ಅಧಿಕಾರಿ ಅದು ಆತ್ಮಹತ್ಯೆ ಎಂದರು, ಆದರೆ ಕಾರ್ಯಕ್ರಮವೇ ಸಾವಿಗೆ ಕಾರಣ ಎನ್ನಲು ಸ್ಪಷ್ಟವಾದ ಕೊಂಡಿ ಇಲ್ಲ ಎಂದೂ ಹೇಳಿದರು. ಅಷ್ಟರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2021ರಲ್ಲಿ ಹೊಸ ನಿಯಮ ತಂದಿತ್ತು. ಭಾಗವಹಿಸುವವರಿಗೆ ಹೆಚ್ಚಿನ ಹಾನಿ ಆಗುವ ಸಂಭವ ಇದ್ದರೆ ಅವರ ಕ್ಷೇಮ ನೋಡಿಕೊಳ್ಳುವುದು ಚಾನೆಲ್‌ನ ಹೊಣೆ.

ಅದು ಬಿಟ್ಟು ಬೇರೆ ಎಲ್ಲಾದ್ರೂ ಹೊಡೆದಾಟ, ಕೊಲೆ ಆಗಿದೆಯಾ?

ಆಗಿದೆ. 2000ದ ಜುಲೈನಲ್ಲಿ ಫ್ಲಾರಿಡಾದಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು. ಅವಳು, ಅವಳ ಮಾಜಿ ಗಂಡ, ಅವನ ಹೊಸ ಹೆಂಡತಿ ಮೂವರೂ ಸ್ಪ್ರಿಂಗರ್ ಶೋದಲ್ಲಿ ಕಾಣಿಸಿಕೊಂಡಿದ್ದರು. ಕೊಲೆಯಾದದ್ದು ಆ ಕಂತು ಪ್ರಸಾರವಾದ ದಿನವೇ. ಮಾಜಿ ಗಂಡನಿಗೆ ಶಿಕ್ಷೆಯಾಯಿತು.

2007ರಲ್ಲಿ ಜೆರೆಮಿ ಕೈಲ್ ವೇದಿಕೆಯ ಮೇಲೆ ಒಬ್ಬ ಗಂಡ, ಹೆಂಡತಿಯ ಜೊತೆ ಸಂಬಂಧ ಇದ್ದವನಿಗೆ ತಲೆಯಿಂದ ಗುದ್ದಿದ. ಕೇಸು ಮ್ಯಾಂಚೆಸ್ಟರ್ ಕೋರ್ಟಿಗೆ ಹೋಯಿತು. ಅಲನ್ ಬರ್ಗ್ ಎಂಬ ಜಡ್ಜ್ ಆರೋಪಿಗಿಂತ ಕಾರ್ಯಕ್ರಮವನ್ನೇ ಜಾಸ್ತಿ ಬೈದರು. ಇದು ಮನುಷ್ಯರನ್ನು ಇಟ್ಟು ಆಡಿಸುವ ಕರಡಿ ಕಾಳಗ ಎಂದರು. ಹಿಂದೆ ಇಂಗ್ಲೆಂಡಿನಲ್ಲಿ ಕರಡಿಯನ್ನು ಗೂಟಕ್ಕೆ ಕಟ್ಟಿ ನಾಯಿಗಳನ್ನು ಬಿಡುತ್ತಿದ್ದರಂತೆ. ನಮ್ಮ ಕರಾವಳಿಯ ಜಡ್ಜ್ ಆಗಿದ್ದರೆ ಕೋಳಿ ಅಂಕ ಅಂತಿದ್ದರೇನೋ. ಎರಡರಲ್ಲೂ ಕಾದಾಡುವವರಿಗೆ ಕಾದಾಟ ಬೇಕಿರುವುದಿಲ್ಲ.

ಹಾಗಾದರೆ ಕಾರ್ಯಕ್ರಮದವರಿಗೆ ಶಿಕ್ಷೆ ಇಲ್ವಾ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 1995ರಲ್ಲಿ ಅಮೆರಿಕದ ಜೆನ್ನಿ ಜೋನ್ಸ್ ಶೋದಲ್ಲಿ ಒಬ್ಬ ತನ್ನ ಗುಟ್ಟಿನ ಪ್ರೀತಿಯನ್ನು ಗೆಳೆಯನ ಮುಂದೆ ಹೇಳಿಕೊಂಡ. ಮೂರು ದಿನಕ್ಕೆ ಆ ಗೆಳೆಯನೇ ಅವನನ್ನು ಕೊಂದ. ಅಲ್ಲಿ ಮೋಸದ ಮಾತಿರಲಿಲ್ಲ, ಆದರೆ ಕ್ಯಾಮೆರಾ ಮುಂದೆ ಗುಟ್ಟು ಒಡೆಯುವ ಅದೇ ಪಾಕ. ಕಾರ್ಯಕ್ರಮದವರು ಭಾರೀ ಪರಿಹಾರ ಕೊಡಬೇಕೆಂದು 1999ರಲ್ಲಿ ಜ್ಯೂರಿ ಹೇಳಿತು. 2002ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ರದ್ದು ಮಾಡಿತು.

ಲಾಯಲ್ಟಿ ಟೆಸ್ಟ್ ಅಂತ ಸಂಗಾತಿಯ ನಿಷ್ಠೆ ಪರೀಕ್ಷೆ ಮಾಡ್ತಾರಲ್ಲ, ತಪ್ಪು ಮಾಡದವರಿಗೆ ಅದರಲ್ಲಿ ಭಯ ಏನು?

ಇದು ನನಗೆ ಎಲ್ಲಕ್ಕಿಂತ ಹೊಲಸು ಅನ್ನಿಸುವ ಪ್ರಕಾರ. ಹಿಂಬಾಲಿಸಿ ಹಿಡಿಯುವುದರಲ್ಲಿ ಕಡೇ ಪಕ್ಷ ಆಗಿಹೋದದ್ದನ್ನು ಹಿಡಿಯುತ್ತಾರೆ. ಇಲ್ಲಿ ಆಗದೇ ಇದ್ದದ್ದನ್ನು ಆಗಿಸುತ್ತಾರೆ. ‘ಇಮೋಷನಲ್ ಅತ್ಯಾಚಾರ್’ನಲ್ಲಿ ವೇಷ ಮರೆಸಿದ ಏಜೆಂಟ್ ಹುಡುಗ ಅಥವಾ ಹುಡುಗಿಯನ್ನು ಬಿಟ್ಟು ಸೆಳೆಯುತ್ತಿದ್ದರು. ಈಗ ಅದೇ ಕೆಲಸವನ್ನು ಇನ್‌ಸ್ಟಾಗ್ರಾಮಿನಲ್ಲಿ ಒಂದು ಮೆಸೇಜ್ ಮಾಡುತ್ತದೆ. ‘ಹಾಯ್, ನಿಮ್ಮ ಪ್ರೊಫೈಲ್ ಚೆನ್ನಾಗಿದೆ.’ ಅವನು ‘ಥ್ಯಾಂಕ್ಸ್’ ಅಂದ ಕೂಡಲೇ ಕೆಂಪು ಬಾಣದ ಗುರುತು ಹಾಕಿ ವಿಡಿಯೋ ಮಾಡುತ್ತಾರೆ.

ಗಾಳ ಹಾಕಿದವರು ಮೀನಿಗೆ ಬುದ್ಧಿ ಹೇಳುವಂತಿಲ್ಲ. ಅಲ್ಲಿಂದ ಗೊತ್ತಾಗುವುದು ಸುಂದರವಾದ ಅಪರಿಚಿತರು ಕಾಸು ಪಡೆದು ಹಿಂದೆ ಬಿದ್ದರೆ ಒಬ್ಬರು ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ ಎಂಬುದಷ್ಟೇ. ಪರೀಕ್ಷೆಯಲ್ಲಿ ಪಾಸಾದವರ ಕಂತುಗಳಿಗೆ ವೀಕ್ಷಕರು ಕಡಿಮೆ. ಹಾಗಾಗಿ ಫೇಲ್ ಆಗುವ ತನಕ ಪ್ರಶ್ನೆ ಪತ್ರಿಕೆ ಬದಲಾಗುತ್ತಾ ಹೋಗುತ್ತದೆ.

ಕೋಲ್ಡ್‌ಪ್ಲೇ ಬ್ಯಾಂಡಿನ ಸಂಗೀತ ಕಾರ್ಯಕ್ರಮದಲ್ಲಿ ಸಿಕ್ಕಿಬಿದ್ದ ಜೋಡಿ ಬಗ್ಗೆ ಏನಂತೀರಿ? ಅಲ್ಲಿ ಯಾರೂ ಬಲೆ ಬೀಸಿರಲಿಲ್ಲ.

ನಿಜ, ಬೀಸಿರಲಿಲ್ಲ. 2025ರ ಜುಲೈ 16, ಬೋಸ್ಟನ್ ಹತ್ತಿರದ ಜಿಲೆಟ್ ಸ್ಟೇಡಿಯಂ. ದೊಡ್ಡ ಪರದೆಯ ಮೇಲೆ ಒಂದು ಜೋಡಿ ಕಾಣಿಸಿತು. ಕಂಡ ಕೂಡಲೇ ಒಬ್ಬರು ಬಗ್ಗಿದರು, ಇನ್ನೊಬ್ಬರು ತಿರುಗಿದರು. ವೇದಿಕೆ ಮೇಲಿದ್ದ ಗಾಯಕ ತಮಾಷೆ ಮಾಡಿದ. ಕೆಲವೇ ಗಂಟೆಗಳಲ್ಲಿ ಇಡೀ ಜಗತ್ತಿಗೆ ಅವರ ಕಂಪನಿ, ಹುದ್ದೆ, ಮನೆಯವರ ಹೆಸರು ಎಲ್ಲ ಗೊತ್ತಾಯಿತು. ಒಬ್ಬರು ಕಂಪನಿಯ ಮುಖ್ಯಸ್ಥರು, ಇನ್ನೊಬ್ಬರು ಅದೇ ಕಂಪನಿಯ ಎಚ್‌ಆರ್ ಮುಖ್ಯಸ್ಥೆ. ಇಬ್ಬರೂ ಕೆಲಸ ಬಿಟ್ಟರು.

ಮುಖ್ಯಸ್ಥ ತನ್ನ ಕೈಕೆಳಗಿನವರ ಜೊತೆ ಹೀಗಿದ್ದರೆ ಕಂಪನಿ ಕೇಳಲೇಬೇಕು. ಅದು ಕಂಪನಿಯ ಒಳಗಿನ ಲೆಕ್ಕ. ಆದರೆ ಅಲ್ಲಿ ಆಕಸ್ಮಿಕವಾದದ್ದು ಆ ಕೆಲವು ಸೆಕೆಂಡು ಮಾತ್ರ. ಉಳಿದದ್ದನ್ನು ಜನ ಮನಸ್ಸಿಟ್ಟು ಮಾಡಿದರು. ಪಕ್ಕದಲ್ಲಿ ನಿಂತಿದ್ದವಳು ಇಂಥವಳು ಎಂದು ಅಲ್ಲಿ ಇರಲೇ ಇಲ್ಲದ ಇನ್ನೊಬ್ಬ ಉದ್ಯೋಗಿಯ ಹೆಸರನ್ನು ಎಳೆದರು. ಮುಖ್ಯಸ್ಥರ ಹೆಸರಿನಲ್ಲಿ ಸುಳ್ಳು ಕ್ಷಮಾಪಣೆ ಪತ್ರ ಓಡಾಡಿತು. ಬೆಂಗಳೂರಿನ ನನ್ನ ಕ್ಲಾಸಿನಲ್ಲೂ ಮರುವಾರ ಹುಡುಗರು ಅದನ್ನು ನಟಿಸಿ ರೀಲ್ ಮಾಡಿದರು. ನಾನೂ ನಕ್ಕೆ. ಆ ಮನೆಗಳಲ್ಲಿ ಮಕ್ಕಳಿದ್ದರೆ ಗೆಳೆಯರಿಗೆ ಮುಖ ಹೇಗೆ ತೋರಿಸಿದರೋ ಎಂದು ಹೊಳೆದದ್ದು ರಾತ್ರಿ.

ಹೆಸರು ಪಟ್ಟಿ ಸಿಕ್ಕಿದ್ರೆ? ಅದು ಸಾಕ್ಷಿನೇ ಅಲ್ವಾ?

2015ರಲ್ಲಿ ಹೀಗೇ ಆಯಿತು. ಮದುವೆಯಾದವರಿಗೆ ಗುಟ್ಟಿನ ಸಂಬಂಧ ಹುಡುಕಿಕೊಡುತ್ತೇವೆ ಎನ್ನುತ್ತಿದ್ದ ಆಶ್ಲೆ ಮ್ಯಾಡಿಸನ್ ಎಂಬ ಜಾಲತಾಣಕ್ಕೆ ಕನ್ನ ಹಾಕಿ, 3 ಕೋಟಿಗೂ ಹೆಚ್ಚು ಖಾತೆಗಳ ವಿವರವನ್ನು ಬೀದಿಗೆ ಸುರಿದರು. ಆ ತಾಣ ಇಮೇಲ್ ವಿಳಾಸ ನಿಮ್ಮದೇ ಹೌದಾ ಎಂದು ಪರೀಕ್ಷಿಸುತ್ತಲೇ ಇರಲಿಲ್ಲ. ಯಾರು ಯಾರ ಹೆಸರಲ್ಲಿ ಬೇಕಾದರೂ ಖಾತೆ ತೆರೆಯಬಹುದಿತ್ತು. ಪಟ್ಟಿಯಲ್ಲಿದ್ದವರ ಆತ್ಮಹತ್ಯೆಯ ವರದಿಗಳು ಬಂದವು. ಕನ್ನ ಹಾಕಿದವರು ತಮ್ಮನ್ನು ನೀತಿವಂತರು ಎಂದೇ ಅಂದುಕೊಂಡಿದ್ದರು.

ಗಂಡಸು ಸಿಕ್ಕಿಬಿದ್ರೆ ಎರಡು ದಿನ, ಹೆಂಗಸು ಸಿಕ್ಕಿಬಿದ್ರೆ ಜನ್ಮಪೂರ್ತಿ. ಸರಿಯಾ ಇದು?

ಈ ಪ್ರಶ್ನೆ ಬರೆದವರು ದಾವಣಗೆರೆಯ ಒಬ್ಬ ಟೀಚರ್. ಉತ್ತರ ಅವರ ಪ್ರಶ್ನೆಯಲ್ಲೇ ಇದೆ. ನಮ್ಮ ಸ್ಟುಡಿಯೋದಲ್ಲೂ ಗಂಡ ತಪ್ಪು ಮಾಡಿದರೆ ‘ಬುದ್ಧಿ ಹೇಳಿ ಕಳಿಸೋಣ’, ಹೆಂಡತಿ ಮಾಡಿದರೆ ‘ಯಾಕೆ ಮಾಡಿದೆ ಹೇಳು’. ಪತ್ರಿಕೆಗಳ ‘ಅನೈತಿಕ ಸಂಬಂಧ’ ಎಂಬ ಪದವನ್ನೇ ನೋಡಿ. ತಲೆಬರಹದಲ್ಲೇ ತೀರ್ಪು ಬಂದುಹೋಗಿರುತ್ತದೆ. ‘ವಿವಾಹೇತರ ಸಂಬಂಧ’ ಎಂದರೆ ಸುದ್ದಿ ಏನೂ ಕಡಿಮೆಯಾಗುವುದಿಲ್ಲ.

ಇನ್ನೊಂದು ಭಯ ಉಂಟು. ನಮ್ಮಲ್ಲಿ ಬಯಲಾಗುವುದು ಸಂಬಂಧ ಮಾತ್ರ ಅಲ್ಲ. ಜೊತೆಗಿದ್ದವರ ಜಾತಿ, ಧರ್ಮವೂ ಬಯಲಾಗುತ್ತದೆ. ಆಮೇಲೆ ಮನೆ ಬಾಗಿಲಿಗೆ ಬರುವವರಿಗೆ ಮೋಸದ ಚಿಂತೆ ಇರುವುದೇ ಇಲ್ಲ.

## ಕಾನೂನು, ಮತ್ತೆ ಕಷ್ಟದ ಪ್ರಶ್ನೆಗಳು

ಅಫೇರ್ ಅಪರಾಧ ಅಲ್ಲ ಅಂತ ಕೋರ್ಟೇ ಹೇಳಿಬಿಟ್ಟಿದೆಯಂತೆ. ಹಾಗಿದ್ರೆ ಜನರೇ ಶಿಕ್ಷೆ ಕೊಡಬೇಕಲ್ವಾ?

2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಐಪಿಸಿಯ 497ನೇ ಸೆಕ್ಷನ್ ಅನ್ನು ತೆಗೆದುಹಾಕಿತು. ಆ ಸೆಕ್ಷನ್ ಹೇಗಿತ್ತು ಎಂದು ತುಂಬಾ ಜನರಿಗೆ ಗೊತ್ತಿಲ್ಲ. ಗಂಡನ ಒಪ್ಪಿಗೆ ಇಲ್ಲದೆ ಅವನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡರೆ ಆ ಗಂಡಸಿಗೆ ಶಿಕ್ಷೆ. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ! ಗಂಡ ಮೋಸ ಮಾಡಿದರೆ ಹೆಂಡತಿ ದೂರು ಕೊಡುವಂತಿರಲಿಲ್ಲ. ಹೆಂಡತಿ ಗಂಡನ ಸ್ವತ್ತು ಎಂಬ ಲೆಕ್ಕ. ಹೋದದ್ದು ಒಳ್ಳೆಯದೇ ಆಯಿತು.

ಹಾಗಂತ ಪರಿಣಾಮವೇ ಇಲ್ಲ ಎಂದಲ್ಲ. ವಿಚ್ಛೇದನಕ್ಕೆ ಅದು ಇವತ್ತಿಗೂ ಕಾರಣ. ಆದರೆ ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಆ ವಿಚಾರಣೆ ಮುಚ್ಚಿದ ಕೋಣೆಯಲ್ಲೇ ನಡೆಯಬೇಕು. ಅಲ್ಲಿನ ವಿಷಯವನ್ನು ಪತ್ರಿಕೆಯಲ್ಲಿ ಹಾಕಿದರೆ ದಂಡ. ಸಾವಿರ ರೂಪಾಯಿ, ಈಗಿನ ಕಾಲಕ್ಕೆ ಏನೂ ಅಲ್ಲ ಬಿಡಿ. ಆದರೆ ಉದ್ದೇಶ ನೋಡಿ. ಎರಡೂ ಕಡೆ ಕೇಳಿ ತೀರ್ಮಾನ ಮಾಡಬೇಕಾದ ಜಡ್ಜ್ ಬಾಗಿಲು ಹಾಕಿಕೊಂಡು ಕೇಳುತ್ತಾರೆ. ಒಂದು ಕಡೆಯನ್ನು ಮಾತ್ರ ಕೇಳಿದವರು ಬಾಗಿಲು ತೆಗೆದಿಟ್ಟುಕೊಂಡು ತೀರ್ಪು ಕೊಡುತ್ತಾರೆ.

ನಾನು ಹಾಕಿದ್ದು ಪೂರ್ತಿ ನಿಜ. ನಿಜ ಹೇಳಿದ್ರೆ ಮಾನನಷ್ಟ ಹೇಗೆ ಆಗತ್ತೆ?

ನಿಜವಾಗಿದ್ದರೆ ಸಾಲದು. ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಅದು ನಿಜವೂ ಆಗಿರಬೇಕು, ಸಾರ್ವಜನಿಕ ಒಳಿತಿಗಾಗಿಯೂ ಇರಬೇಕು. ಆಗ ಮಾತ್ರ ವಿನಾಯಿತಿ. ಮೊದಲು ಐಪಿಸಿ 499, 500. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356. ಎರಡು ವರ್ಷದವರೆಗೆ ಜೈಲು ಆಗಬಹುದು. ನಿಮ್ಮ ಗಂಡ ಯಾರ ಜೊತೆ ಸಿನಿಮಾಗೆ ಹೋದ ಎಂಬುದರಲ್ಲಿ ಸಾರ್ವಜನಿಕರ ಒಳಿತು ಏನು ಎಂದು ಎದುರಿನ ವಕೀಲರು ಕೇಳಿಯೇ ಕೇಳುತ್ತಾರೆ.

ಖಾಸಗಿ ಕ್ಷಣದ ಫೋಟೋ, ವಿಡಿಯೋ ಆದರೆ ಇನ್ನೂ ಗಂಭೀರ. ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ, 67ಎ ಪ್ರಕಾರ ಮೊದಲ ಸಲಕ್ಕೇ ಐದು ವರ್ಷದವರೆಗೆ. ಮೋಸ ಹೋದವರೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ.

ಗುಟ್ಟಾಗಿ ಮಾಡಿದ ಫೋನ್ ರೆಕಾರ್ಡಿಂಗ್ ನಡೆಯುತ್ತೆ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಮತ್ತೆ ನಾನು ಹಾಕಿದ್ರೆ ಏನು?

2025ರ ಜುಲೈ 14ರ ತೀರ್ಪು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ. ಸಂಗಾತಿಗೆ ಗೊತ್ತಿಲ್ಲದೆ ರೆಕಾರ್ಡ್ ಮಾಡಿದ ಮಾತನ್ನು ವಿಚ್ಛೇದನದಂಥ ಕೇಸಿನಲ್ಲಿ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದರು. ಕೋರ್ಟಿಗೆ ಕೊಡಬಹುದು ಎಂದದ್ದು, ಸ್ಟೇಟಸ್‌ಗೆ ಹಾಕಿ ಎಂದದ್ದಲ್ಲ. ಇವೆರಡನ್ನೂ ಕಲಸಿಕೊಂಡು ಕೆಟ್ಟವರು ಇದ್ದಾರೆ.

ಜೊತೆಗೆ 2017ರ ಆಗಸ್ಟ್ 24ರ ತೀರ್ಪು ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದ್ದು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋದಾಗ ಅವರಿಗೆ 80 ದಾಟಿತ್ತು.

ಡಿಟೆಕ್ಟಿವ್ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳುವವರು ಇದ್ದಾರೆ. ಆದರೆ ಅವರಿಗೆಂದೇ ಲೈಸೆನ್ಸ್ ಕೊಡುವ ಕಾನೂನು ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡಿಸಿದರು, ಕಾಯ್ದೆ ಆಗಲಿಲ್ಲ. ಫೋನ್‌ಗೆ ಗುಟ್ಟಿನ ಆ್ಯಪ್ ಹಾಕಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಆ ಫೋಟೋಗಳು ನಿಮ್ಮ ಕೈಗೆ ಬರುವ ಮುಂಚೆ ಇನ್ನೆಷ್ಟು ಕೈ ದಾಟಿರುತ್ತವೋ.

ರಾಜಕಾರಣಿ, ಸಿನಿಮಾದವರು ಆದ್ರೆ? ಅವರದ್ದೆಲ್ಲ ಸಾರ್ವಜನಿಕ ಬದುಕೇ ಅಲ್ವಾ?

ಬದುಕಿನ ಒಂದು ಭಾಗ ಮಾತ್ರ. 1994ರಲ್ಲಿ ಆಟೋ ಶಂಕರ್ ಎಂದು ಹೆಸರಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಗೆರೆ ಎಳೆದಿದೆ. ಅಧಿಕಾರದಲ್ಲಿರುವವರು ತಮ್ಮ ಹುದ್ದೆಯ ಕೆಲಸದಲ್ಲಿ ಮಾಡಿದ್ದನ್ನು ಬರೆಯಬಹುದು. ಮದುವೆ, ಸಂಸಾರ ಅವರ ಒಪ್ಪಿಗೆ ಇಲ್ಲದೆ ಬರೆಯುವಂಥದ್ದಲ್ಲ. ಮಂತ್ರಿ ಸರ್ಕಾರಿ ಕೆಲಸ ಕೊಡಿಸುತ್ತೇನೆ ಎಂದು ಹೆಂಗಸನ್ನು ಬಳಸಿಕೊಂಡರೆ ಅದು ಅಫೇರ್ ಅಲ್ಲ, ಅಧಿಕಾರದ ದುರುಪಯೋಗ. ಅದನ್ನು ಬಯಲಿಗೆಳೆಯಲೇಬೇಕು, ಅಲ್ಲೂ ಆ ಹೆಂಗಸಿನ ಗುರುತು ಮುಚ್ಚಿ. ನಟನೊಬ್ಬ ಹೆಂಡತಿಯಿಂದ ದೂರವಾದ ಎಂದು ಮೂರು ದಿನ ಅದೇ ಗೇಟನ್ನು ತೋರಿಸುವುದು ಬೇರೆ. ಆ ಗೇಟಿನ ಹೊರಗೆ ನಾನೂ ಒಂದು ರಾತ್ರಿ ನಿಂತಿದ್ದೇನೆ. ಕಂಡದ್ದು ಹಾಲಿನವನು ಮಾತ್ರ.

ಹುಡುಗಿಯರು ಗುಂಪು ಮಾಡಿಕೊಂಡು ‘ಇವನ ಬಗ್ಗೆ ಹುಷಾರು’ ಅಂತ ಹಂಚಿಕೊಳ್ತಾರೆ. ಅದೂ ತಪ್ಪೇ?

ಇದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ಹೊಡೆಯುವವನು, ಮದುವೆಯಾಗಿರುವುದನ್ನು ಮುಚ್ಚಿಡುವವನು, ದುಡ್ಡು ದೋಚುವವನು ಇವರ ಬಗ್ಗೆ ಗೆಳತಿಗೆ ಹೇಳುವುದು ಮನರಂಜನೆ ಅಲ್ಲ, ಎಚ್ಚರಿಕೆ. ಹಾಸ್ಟೆಲ್ಲುಗಳಲ್ಲಿ ಇದು ಯಾವಾಗಲೂ ಇತ್ತು. ಆದರೆ ಗುಂಪು ಸಾವಿರ ದಾಟಿದ ಮೇಲೆ ಅದು ಬೇರೆ ಪ್ರಾಣಿ. ಕೇಳುವವರಿಗೆ ಹೇಳಿದವರ ಪರಿಚಯವೇ ಇರುವುದಿಲ್ಲ. ಅಮೆರಿಕದಲ್ಲಿ ‘ಟೀ’ ಎಂಬ ಆ್ಯಪ್ ಹೆಂಗಸರಿಗೆಂದೇ, ಇದಕ್ಕೆಂದೇ ಇತ್ತು. 2025ರ ಜುಲೈನಲ್ಲಿ ಅದರಿಂದ ಸುಮಾರು 72,000 ಚಿತ್ರಗಳು ಸೋರಿಹೋದವು. ಅದರಲ್ಲಿ ಸುಮಾರು 13,000 ಆ ಹೆಂಗಸರೇ ಗುರುತಿಗಾಗಿ ಕೊಟ್ಟ ಸೆಲ್ಫಿ, ಗುರುತಿನ ಚೀಟಿಗಳು. ಬಯಲು ಮಾಡಲು ಹೋದವರೇ ಬಯಲಾದರು.

ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದನ್ನು ಓದಿದವರು ಯಾವುದಾದರೂ ಅಪಾಯದಿಂದ ತಪ್ಪಿಸಿಕೊಳ್ಳುತ್ತಾರಾ, ಇಲ್ಲ ಸುಮ್ನೆ ನಗುತ್ತಾರಾ?

ನನ್ನ ಗಂಡನ ಫೋಟೋ, ಮೆಸೇಜು ಎಲ್ಲ ನನ್ನ ಕೈಲಿದೆ. ಕೈ ತುರಿಸ್ತಿದೆ ಅಣ್ಣ. ಹಾಕಲಾ?

ಇವತ್ತು ರಾತ್ರಿ ಹಾಕಬೇಡಮ್ಮ. ಅವನನ್ನು ಉಳಿಸಲು ಹೇಳುತ್ತಿಲ್ಲ. ಹಾಕಿದ ಮೇಲೆ ಕಥೆ ನಿನ್ನ ಕೈಯಲ್ಲಿ ಇರುವುದಿಲ್ಲ. ಮೊದಲ ಗಂಟೆ ಎಲ್ಲರೂ ನಿನ್ನ ಕಡೆ. ಎರಡನೇ ದಿನ ‘ಇವಳೇ ಸರಿ ಇಲ್ಲದಿರಬೇಕು’ ಎನ್ನುವವರು ಬರುತ್ತಾರೆ. ಮೂರನೇ ದಿನ ನಿನ್ನ ಮಗುವಿನ ಫೋಟೋ ಯಾರೋ ಹುಡುಕಿ ಹಾಕಿರುತ್ತಾರೆ.

ಇರುವುದನ್ನೆಲ್ಲ ತಾರೀಖು ಸಮೇತ ಒಂದು ಕಡೆ ತೆಗೆದಿಡು. ಏನನ್ನೂ ಅಳಿಸಬೇಡ, ತಿದ್ದಬೇಡ. ಬ್ಯಾಂಕು, ಒಡವೆ, ಮನೆಯ ಕಾಗದ ಎಲ್ಲಿವೆ ನೋಡಿಕೋ. ನಂಬಿಕೆಯ ಒಬ್ಬರಿಗೆ ಎಲ್ಲವನ್ನೂ ಹೇಳು, ಅತ್ತು ಹೇಳು. ಫ್ಯಾಮಿಲಿ ಕೋರ್ಟಿನ ವಕೀಲರನ್ನು ನೋಡು. ಹೊಡೆತ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181. ಅವನೇ ನಿನ್ನ ಫೋಟೋ ಹಾಕುತ್ತೇನೆ ಎಂದು ಹೆದರಿಸಿದರೆ ಸೈಬರ್ ಸಹಾಯವಾಣಿ 1930. ಬದುಕು ಬೇಡ ಅನ್ನಿಸಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ನಾನು ಬರೀ ನೋಡ್ತೀನಿ. ಹಾಕಲ್ಲ, ಕಾಮೆಂಟ್ ಮಾಡಲ್ಲ. ನೋಡೋದೂ ತಪ್ಪಾ?

ಕೋಳಿ ಅಂಕದಲ್ಲಿ ಬಾಜಿ ಕಟ್ಟದೆ ನಿಂತು ನೋಡುವವರೂ ಇರುತ್ತಾರೆ. ಅವರಿಲ್ಲದಿದ್ದರೆ ಅಂಕ ನಡೆಯುವುದಿಲ್ಲ. ನಮ್ಮ ಆಫೀಸಿನಲ್ಲಿ ಗುರುವಾರ ಬೆಳಿಗ್ಗೆ ಟಿಆರ್‌ಪಿ ಬರುತ್ತಿತ್ತು. ಆ 12 ಸೆಕೆಂಡಿನ ಅಳು ಇದ್ದ ವಾರ ನಂಬರ್ ಏರಿತು. ಮುಂದಿನ ವಾರದಿಂದ ಪ್ರತಿ ಕಂತಿನಲ್ಲೂ ಅಂಥದ್ದೊಂದು ಬೇಕು ಎಂದರು. ನಾನು ಕೆಲಸ ಬಿಟ್ಟದ್ದು ಅದಾಗಿ ಏಳು ತಿಂಗಳಿಗೆ. ತಕ್ಷಣ ಬಿಟ್ಟೆ ಎಂದು ಹೇಳಿಕೊಳ್ಳುವ ಆಸೆ ಇದೆ, ಮನೆ ಸಾಲ ಇತ್ತು.

ಎಂಟು ವರ್ಷದ ಹಿಂದೆ ನಾನೇ ಹೋಗಿ ಟಿವಿಯಲ್ಲಿ ಕೂತಿದ್ದೆ. ಈಗ ನಾವಿಬ್ಬರೂ ಚೆನ್ನಾಗಿದ್ದೀವಿ. ಮಗಳು ಹೈಸ್ಕೂಲು. ಆ ವಿಡಿಯೋ ತೆಗೆಸಬಹುದಾ?

ಪ್ರಯತ್ನ ಮಾಡಬಹುದು. ಮೊದಲು ಚಾನೆಲ್‌ಗೆ ಕಾಗದದಲ್ಲಿ ಬರೆಯಿರಿ. ಆಮೇಲೆ ವಿಡಿಯೋ ಇರುವ ತಾಣದ ದೂರು ಅಧಿಕಾರಿಗೆ. ಅಂಥ ಅಧಿಕಾರಿ ಇರಲೇಬೇಕು ಎಂದು 2021ರ ಐಟಿ ನಿಯಮ ಹೇಳುತ್ತದೆ. ಪ್ರತಿಯೊಂದು ಲಿಂಕನ್ನೂ ಬೇರೆ ಬೇರೆಯಾಗಿ ಕೊಡಿ. ‘ಎಲ್ಲ ತೆಗೆಯಿರಿ’ ಎಂದು ಒಂದೇ ಸಾಲು ಬರೆದರೆ ಏನೂ ಆಗುವುದಿಲ್ಲ.

ಅದೂ ಆಗದಿದ್ದರೆ ಕೋರ್ಟು. ಇದಕ್ಕೆ ನಮ್ಮ ಹೈಕೋರ್ಟಿನಲ್ಲೇ ಒಂದು ದಾರಿ ಇದೆ. ಒಬ್ಬ ಅಪ್ಪ ಬಂದು, ಮಗಳ ಮದುವೆಯ ಹಳೆಯ ಕೇಸಿನಲ್ಲಿ ಅವಳ ಹೆಸರು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆ, ಅವಳ ಈಗಿನ ಸಂಸಾರಕ್ಕೆ ತೊಂದರೆ ಎಂದು ಕೇಳಿಕೊಂಡರು. 2017ರ ಜನವರಿಯಲ್ಲಿ ನ್ಯಾಯಮೂರ್ತಿ ಆನಂದ್ ಬೈರಾರೆಡ್ಡಿ ಅವರು ಒಪ್ಪಿದರು. ಇಂಟರ್‌ನೆಟ್ ಹುಡುಕಾಟದಲ್ಲಿ ಹೆಸರು ಕಾಣದಂತೆ ಮಾಡಿ ಎಂದು ಹೈಕೋರ್ಟ್ ಕಚೇರಿಗೆ ಹೇಳಿದರು. ಕೋರ್ಟಿನಿಂದ ಪಡೆಯುವ ದೃಢೀಕೃತ ಪ್ರತಿಯಲ್ಲಿ ಮಾತ್ರ ಹೆಸರು ಹಾಗೇ ಇರುತ್ತದೆ.

ಅರ್ಜಿಗೆ ಕಂತಿನ ತಾರೀಖು ಬೇಕಾಗುತ್ತದೆ. ನೆನಪಿಲ್ಲದಿದ್ದರೆ ಆವತ್ತಿನ ಬಸ್ ಟಿಕೆಟ್, ಫೋನಿನ ಹಳೆ ಮೆಸೇಜು ಏನಾದರೂ ಇದೆಯಾ ನೋಡಿ.